ಆಧಾರ ಕೊಟ್ಟು ಉತ್ತರ ಬರೆಸುವುದು ಹೇಗೆ? ಕನ್ನಡ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಎಂಟು, ಒಂಬತ್ತು, ಹತ್ತನೇ ತರಗತಿಗೆ ಕನ್ನಡ ಹೇಳಿಕೊಡುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸಮಾಜ ವಿಜ್ಞಾನದವರಿಗೂ ಮನೆಯಲ್ಲಿ ಮಕ್ಕಳನ್ನು ಓದಿಸುವ ತಂದೆ ತಾಯಿಗೂ ಇದರಲ್ಲಿ ಹಲವು ಉಪಯೋಗಕ್ಕೆ ಬರುತ್ತವೆ. ಎಲ್ಲ ಪ್ರಶ್ನೆಗೂ ಒಂದೇ ಅಳತೆಯ ಉತ್ತರ ಕೊಟ್ಟಿಲ್ಲ; ತರಗತಿಯಲ್ಲಿ ಹೆಚ್ಚು ತೊಡಕು ಎಲ್ಲಿದೆಯೋ ಅಲ್ಲಿ ಹೆಚ್ಚು ಬರೆದಿದ್ದೇನೆ.

ಆಧಾರ ಇರುವ ಉತ್ತರ ಅಂದರೆ ಏನು? ಸರಿ ಉತ್ತರ ಬರೆದರೆ ಸಾಲದೇ?

ಒಂದು ಉದಾಹರಣೆ ನೋಡಿಕೊಂಡೇ ಮಾತಾಡೋಣ. ತರಗತಿಯಲ್ಲಿ ಬಳಸಲೆಂದು ನಾನೇ ಬರೆದುಕೊಂಡ ಪುಟ್ಟ ಕಥಾಭಾಗ ಇದು:

"ಸಂತೆಯಿಂದ ಬಂದ ಅಪ್ಪ ಬುಟ್ಟಿ ಇಳಿಸಿ ಜಗಲಿಯ ಮೇಲೆ ಕೂತ. ಗೌರಿ ನೀರಿನ ಚೊಂಬು ತಂದಿಟ್ಟಳು. ಬುಟ್ಟಿಯಲ್ಲಿ ಟೊಮೆಟೊ ಬೆಳಗ್ಗೆ ಇದ್ದಷ್ಟೇ ಇದ್ದವು. ಏನೋ ಕೇಳಲು ಹೊರಟವಳು ಸುಮ್ಮನಾದಳು. 'ನಾಳೆ ಪ್ರವಾಸಕ್ಕೆ ದುಡ್ಡು ಕಟ್ಟಬೇಕಲ್ಲೇನೇ?' ಅಪ್ಪನೇ ಕೇಳಿದ. 'ನಾನು ಹೋಗಲ್ಲಪ್ಪ, ಬಸ್ಸಲ್ಲಿ ಕೂತರೆ ತಲೆ ಸುತ್ತುತ್ತೆ' ಅಂದಳು ಗೌರಿ. ಬೆಳಗ್ಗೆ ಶಾಲೆಯಲ್ಲಿ ಅವಳು ಗೆಳತಿಗೆ, ಕಿಟಕಿ ಪಕ್ಕದ ಸೀಟು ನನಗೇ ಇರಲಿ ಎಂದು ಹೇಳಿ ಬಂದಿದ್ದಳು."

ಪ್ರಶ್ನೆ: ಗೌರಿ ಪ್ರವಾಸಕ್ಕೆ ಹೋಗುವುದಿಲ್ಲ ಎಂದದ್ದು ಯಾಕೆ?

ಮೂರು ಬಗೆಯ ಉತ್ತರ ಬರುತ್ತದೆ. ಮೊದಲನೆಯದು: "ಬಸ್ಸಿನಲ್ಲಿ ತಲೆ ಸುತ್ತುತ್ತದೆ, ಅದಕ್ಕೆ." ಈ ಮಗು ಸಾಲನ್ನು ಓದಿದೆ, ಕಥೆಯನ್ನು ಓದಿಲ್ಲ. ಎರಡನೆಯದು: "ಅಪ್ಪನ ಹತ್ತಿರ ದುಡ್ಡಿರಲಿಲ್ಲ, ಅದಕ್ಕೆ ಗೌರಿ ಸುಳ್ಳು ಹೇಳಿದಳು." ಈ ಮಗುವಿಗೆ ಕಥೆ ಅರ್ಥವಾಗಿದೆ. ಆದರೆ ಹೇಗೆ ಅರ್ಥವಾಯಿತು ಎಂಬುದು ಕಾಗದದ ಮೇಲಿಲ್ಲ. ಪಕ್ಕದವನ ಪುಸ್ತಕ ನೋಡಿಯೂ ಈ ವಾಕ್ಯ ಬರೆಯಬಹುದು.

ಮೂರನೆಯದು: "ಅಪ್ಪನಿಗೆ ದುಡ್ಡಿನ ಕಷ್ಟ ಆಗಬಾರದೆಂದು ಗೌರಿ ನೆಪ ಹೇಳಿದಳು. ಬುಟ್ಟಿಯಲ್ಲಿ ಟೊಮೆಟೊ 'ಬೆಳಗ್ಗೆ ಇದ್ದಷ್ಟೇ' ಇದ್ದವು, ಅಂದರೆ ವ್ಯಾಪಾರ ಆಗಿಲ್ಲ. ಅದನ್ನು ನೋಡಿಯೇ ಅವಳು ಸುಮ್ಮನಾಗಿದ್ದಾಳೆ. ಬೆಳಗ್ಗೆ ಕಿಟಕಿ ಪಕ್ಕದ ಸೀಟು ಕೇಳಿದ ಹುಡುಗಿಗೆ ಹೋಗುವ ಆಸೆ ಇದ್ದೇ ಇತ್ತು. ಆದ್ದರಿಂದ ತಲೆ ಸುತ್ತುತ್ತದೆ ಎಂಬುದು ನಿಜವಾದ ಕಾರಣ ಅಲ್ಲ."

ಈ ಮೂರನೆಯದನ್ನು ಬರೆಯುವುದಕ್ಕೆ ಎಲ್ಲ ಮಕ್ಕಳಿಗೂ ಬರುತ್ತದೆ, ಕಲಿಸಿದರೆ. ಇದರಲ್ಲಿ ಮೂರು ಅಂಗ ಇವೆ. ನನ್ನ ಮಾತು ಏನು ಎಂಬ ಹೇಳಿಕೆ, ಪಾಠದಲ್ಲಿ ಅದಕ್ಕೆ ಏನಿದೆ ಎಂಬ ಆಧಾರ, ಆ ಆಧಾರದಿಂದ ಈ ಮಾತಿಗೆ ಹೇಗೆ ಬಂದೆ ಎಂಬ ಸಮನ್ವಯ. ಮೂರನೆಯ ಅಂಗವನ್ನೇ ನಾವು ಕಲಿಸದೆ ಬಿಡುತ್ತಿದ್ದೇವೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ಪುಟದ ಬಹುಪಾಲು ಮಾತು ಅದರ ಸುತ್ತಲೇ ಇದೆ.

ಬಾಯಲ್ಲಿ ಚೆನ್ನಾಗಿ ಹೇಳುವ ಮಕ್ಕಳು ಬರೆಯುವಾಗ ಒಂದೇ ಸಾಲಿಗೆ ನಿಲ್ಲಿಸುತ್ತಾರೆ. ಯಾಕೆ?

ಓದುವವರು ಮೇಷ್ಟ್ರು, ಅವರಿಗೆ ಉತ್ತರ ಮೊದಲೇ ಗೊತ್ತು. ಗೊತ್ತಿದ್ದವರಿಗೆ ಬಿಡಿಸಿ ಹೇಳುವುದೇನು ಎಂದು ಮಗುವಿಗೆ ಅನ್ನಿಸುವುದು ಸಹಜ. ಹಾಗಾಗಿ ಓದುವವರನ್ನು ಬದಲಿಸಿ. "ನಿನ್ನೆ ರಜೆ ಹಾಕಿದ್ದ ಗೆಳೆಯ ಈ ಪಾಠ ಓದಿಲ್ಲ, ನಿನ್ನ ಉತ್ತರ ಅವನು ಒಪ್ಪುವ ಹಾಗೆ ಬರಿ" ಎಂದು ಹೇಳಿ ನೋಡಿ. ಅದೇ ಮಗು ಒಂದು ಸಾಲಿಗೆ ನಾಲ್ಕು ಸಾಲು ಬರೆಯುತ್ತದೆ.

ಇನ್ನೊಂದು ಕಾರಣ ನಮ್ಮ ಪಾಠದ ಕೊನೆಯ ಅಭ್ಯಾಸದಲ್ಲಿದೆ. "ಒಂದು ವಾಕ್ಯದಲ್ಲಿ ಉತ್ತರಿಸಿ" ಎಂಬಲ್ಲಿಂದಲೇ ಪ್ರತಿ ಪಾಠದ ಬರವಣಿಗೆ ಶುರುವಾಗುತ್ತದೆ. ಆ ಪ್ರಶ್ನೆಗಳು ತಪ್ಪಲ್ಲ, ಆದರೆ ವರ್ಷಗಟ್ಟಲೆ ಅವುಗಳಿಂದಲೇ ಆರಂಭಿಸಿದ ಕೈಗೆ ಉತ್ತರ ಎಂದರೆ ಒಂದು ವಾಕ್ಯ ಎಂದು ರೂಢಿಯಾಗಿಬಿಡುತ್ತದೆ.

ಎಲ್ಲಿಂದ ಶುರು ಮಾಡಬೇಕು?

ಬಾಯಿಂದ. ಬರವಣಿಗೆಯಿಂದ ಅಲ್ಲ.

ಮಗು ಏನೇ ಉತ್ತರ ಹೇಳಲಿ, ಸರಿಯೋ ತಪ್ಪೋ ಹೇಳುವ ಮೊದಲು "ಪಾಠದಲ್ಲಿ ಎಲ್ಲಿದೆ, ಬೆರಳಿಟ್ಟು ತೋರಿಸು" ಎಂದು ಕೇಳಿ. ಸರಿ ಉತ್ತರಕ್ಕೂ ಕೇಳಬೇಕು, ಇದು ಮುಖ್ಯ. ತಪ್ಪಾದಾಗ ಮಾತ್ರ ಕೇಳಿದರೆ "ಎಲ್ಲಿದೆ ತೋರಿಸು" ಎಂದರೆ "ನೀನು ತಪ್ಪು" ಎಂದೇ ಮಕ್ಕಳು ತಿಳಿಯುತ್ತಾರೆ, ಕೈ ಎತ್ತುವುದನ್ನು ನಿಲ್ಲಿಸುತ್ತಾರೆ. ಎಲ್ಲರಿಗೂ ಎಲ್ಲ ಉತ್ತರಕ್ಕೂ ಕೇಳುತ್ತ ಹೋದರೆ ಕೆಲವು ವಾರಗಳಲ್ಲಿ ನೀವು ಕೇಳುವ ಮೊದಲೇ ಬೆರಳು ಸಾಲಿನ ಮೇಲಿರುತ್ತದೆ. ಆಮೇಲೆ ಎರಡನೆಯ ಪ್ರಶ್ನೆ ಸೇರಿಸಿ: "ಈ ಸಾಲಿನಿಂದ ನಿನಗೆ ಹಾಗೆ ಅನ್ನಿಸಿದ್ದು ಹೇಗೆ?" ಇವೆರಡೂ ಬಾಯಿಗೆ ಕೂತ ಮೇಲೆ ಪೆನ್ನು ಹಿಡಿಸಿ.

ಪಾಠದ ಸಾಲುಗಳನ್ನು ಹಾಗೆಹಾಗೇ ಇಳಿಸುತ್ತಾರೆ. ಅದೂ ಆಧಾರವೇ ಅಲ್ಲವೇ?

ಪ್ರಶ್ನೆಯಲ್ಲಿರುವ ಪದ ಪಾಠದಲ್ಲಿ ಎಲ್ಲಿ ಸಿಕ್ಕಿತೋ ಅಲ್ಲಿಂದ ನಾಲ್ಕು ಸಾಲು ನಕಲು ಮಾಡುವುದು ಬಹಳ ಮಕ್ಕಳ ಉಪಾಯ. ಓದದೆಯೂ ಅದನ್ನು ಮಾಡಬಹುದು. ಆಧಾರಕ್ಕೆ ಬೇಕಾದದ್ದು ಆಯ್ಕೆ. ಗೌರಿಯ ಕಥೆಯಲ್ಲಿ ನೀರಿನ ಚೊಂಬು ತಂದದ್ದೂ ಇದೆ. ಅದು ಅವಳ ಅಕ್ಕರೆ ತೋರಿಸುತ್ತದೆ, ಆದರೆ ಪ್ರವಾಸಕ್ಕೆ ಯಾಕೆ ಹೋಗಲ್ಲ ಎಂಬುದಕ್ಕೆ ಅದೊಂದೇ ಸಾಲದು. ಅದನ್ನು ಬಿಟ್ಟು ಟೊಮೆಟೊವನ್ನೂ ಕಿಟಕಿ ಸೀಟನ್ನೂ ಹಿಡಿದ ಮಗು ಆಲೋಚನೆ ಮಾಡಿದೆ.

ಅಭ್ಯಾಸಕ್ಕೆ ಒಂದು ಕಟ್ಟುಪಾಡು ಹಾಕಿ: ಪಾಠದಿಂದ ಒಂದು ಸಲಕ್ಕೆ ಐದು ಪದಕ್ಕಿಂತ ಹೆಚ್ಚು ಎತ್ತುವ ಹಾಗಿಲ್ಲ, ಎತ್ತಿದ್ದಕ್ಕೆ ಉದ್ಧರಣ ಚಿಹ್ನೆ ಹಾಕಬೇಕು, ಉಳಿದದ್ದು ಸ್ವಂತ ಮಾತು. ಐದು ಪದ ಎಂಬುದು ಶಾಸ್ತ್ರವೇನಲ್ಲ. ಆದರೆ ಮಿತಿ ಇದ್ದಾಗ ಮಾತ್ರ ಯಾವ ಪದ ಮುಖ್ಯ ಎಂದು ಮಗು ಹುಡುಕುತ್ತದೆ. "ಬೆಳಗ್ಗೆ ಇದ್ದಷ್ಟೇ" ಎಂಬ ಎರಡು ಪದ ಸಾಕು, ಇಡೀ ಸಂತೆಯ ಕಥೆ ಅದರಲ್ಲಿದೆ.

ಸಮನ್ವಯ ಕಲಿಸುವುದೇ ಕಷ್ಟ. "ಇದರಿಂದ ತಿಳಿದುಬರುತ್ತದೆ" ಎಂದು ಬರೆದು ಮುಗಿಸುತ್ತಾರೆ. ಏನು ಮಾಡಲಿ?

ಹೊಸದಾಗಿ ಕಲಿಸಬೇಕಿಲ್ಲ, ನಮ್ಮ ಮಕ್ಕಳಿಗೆ ಅದು ಈಗಾಗಲೇ ಬರುತ್ತದೆ. ಅಲಂಕಾರದ ಪ್ರಶ್ನೆ ನೆನಪಿಸಿಕೊಳ್ಳಿ. ಅಲಂಕಾರದ ಹೆಸರು, ಲಕ್ಷಣ, ಉಪಮೇಯ, ಉಪಮಾನ, ಸಮಾನ ಧರ್ಮ ಎಲ್ಲ ಗುರುತಿಸಿದ ಮೇಲೆ ಸಮನ್ವಯ ಬರೆಸುತ್ತೇವೆ. "ಇಲ್ಲಿ ಉಪಮೇಯವಾದ ಮುಖವನ್ನು ಉಪಮಾನವಾದ ಕಮಲಕ್ಕೆ ಹೋಲಿಸಿರುವುದರಿಂದ ಇದು ಉಪಮಾಲಂಕಾರ" ಎಂದು ಎಲ್ಲರೂ ತಪ್ಪಿಲ್ಲದೆ ಬರೆಯುತ್ತಾರೆ. ಆ "ಇರುವುದರಿಂದ" ಎಂಬುದೇ ನಮಗೆ ಬೇಕಾದದ್ದು. ಅದನ್ನು ವ್ಯಾಕರಣದ ಪುಟದಿಂದ ಗದ್ಯದ ಪುಟಕ್ಕೆ ತಂದರೆ ಆಯಿತು. "ಅಲಂಕಾರಕ್ಕೆ ಸಮನ್ವಯ ಬರೆದ ಹಾಗೆ ಇದಕ್ಕೂ ಬರಿ" ಎಂದರೆ ಹತ್ತನೇ ತರಗತಿಯ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

"ಇದರಿಂದ ತಿಳಿದುಬರುತ್ತದೆ" ಎಂಬ ಮಾತನ್ನು ಕೆಲವು ದಿನ ನಿಷೇಧಿಸಿ. ಅದರ ಬದಲಿಗೆ "ಯಾಕೆಂದರೆ ಸಾಮಾನ್ಯವಾಗಿ..." ಎಂದು ವಾಕ್ಯ ಶುರು ಮಾಡಿಸಿ. "ಯಾಕೆಂದರೆ ಸಾಮಾನ್ಯವಾಗಿ, ಹೋಗುವ ಮನಸ್ಸಿಲ್ಲದವರು ಸೀಟು ಹಿಡಿದಿಡಲು ಹೇಳುವುದಿಲ್ಲ." ಇಲ್ಲಿ ಮಗು ತನ್ನ ಬದುಕಿನ ತಿಳಿವಳಿಕೆಯನ್ನು ಪಾಠಕ್ಕೆ ತರುತ್ತಿದೆ. ಆಧಾರ ಪಾಠದಿಂದ ಬರಬೇಕು, ಸಮನ್ವಯ ಮಗುವಿನ ಲೋಕಾನುಭವದಿಂದ ಬರಬೇಕು. ಇದು ಗೊತ್ತಾದರೆ "ಸ್ವಂತ ವಾಕ್ಯದಲ್ಲಿ ಬರೆಯಿರಿ" ಎಂಬ ಸೂಚನೆಗೆ ಅರ್ಥ ಬರುತ್ತದೆ.

ನೆನಪಿಡಲು ಸೂತ್ರ ಏನಾದರೂ ಇದೆಯೇ?

ಇಂಗ್ಲಿಷ್ ತರಗತಿಗಳಲ್ಲಿ ರೇಸ್, ಪೀಲ್ ಎಂಬ ಅಕ್ಷರಸೂತ್ರಗಳಿವೆ. ಅವು ಹೇಳುವುದೂ ಹೇಳಿಕೆ, ಸಾಕ್ಷ್ಯ, ವಿವರಣೆ ಎಂಬುದನ್ನೇ. ನಮ್ಮ ನ್ಯಾಯಶಾಸ್ತ್ರ ಇನ್ನೂ ಹಿಂದೆಯೇ ಐದು ಅವಯವ ಹೇಳಿತ್ತು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿ ಇದೆ. ಯಾಕೆಂದರೆ ಹೊಗೆ ಕಾಣುತ್ತಿದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇರುವ ಹಾಗೆ. ಈ ಬೆಟ್ಟದಲ್ಲೂ ಅಂಥದೇ ಹೊಗೆ ಇದೆ. ಆದ್ದರಿಂದ ಬೆಂಕಿ ಇದೆ. ಎಂಟನೇ ತರಗತಿಯ ಮಗುವಿಗೆ ಈ ಬೆಟ್ಟದ ಹೊಗೆಯನ್ನು ಒಮ್ಮೆ ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿ. ಐದೂ ಹೆಸರು ಬಾಯಿಪಾಠ ಮಾಡಿಸುವುದು ಬೇಡ, ಸೂತ್ರವೇ ಇನ್ನೊಂದು ಕಂಠಪಾಠ ಆಗಿಬಿಡುತ್ತದೆ.

"ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ" ಪ್ರಶ್ನೆಗೆ ಇದು ಹೊಂದುತ್ತದೆಯೇ?

ಹೊಂದುತ್ತದೆ, ಎಲ್ಲಕ್ಕಿಂತ ಹೆಚ್ಚು ಅಲ್ಲೇ ಬೇಕು. ಆಯ್ಕೆ, ಅಂದರೆ ಆ ಮಾತು ಯಾವ ಪಾಠದ್ದು ಎಂಬುದನ್ನೂ ಸಂದರ್ಭವನ್ನೂ ಮಕ್ಕಳು ನೆನಪಿನಿಂದ ಬರೆಯುತ್ತಾರೆ. ಸ್ವಾರಸ್ಯಕ್ಕೆ ಬಂದಾಗ "ಈ ಮಾತು ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ" ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಈ ವಾಕ್ಯವನ್ನು ಯಾವ ಪಾಠದ ಯಾವ ಮಾತಿಗೆ ಬೇಕಾದರೂ ಅಂಟಿಸಬಹುದು, ಹಾಗಾಗಿ ಅದು ಯಾವ ಮಾತಿಗೂ ಉತ್ತರವಲ್ಲ.

ಪರೀಕ್ಷೆ ಸರಳ: ಮಗು ಬರೆದ ಸ್ವಾರಸ್ಯವನ್ನು ಬೇರೆ ಪಾಠದ ಮಾತಿನ ಕೆಳಗೆ ಇಟ್ಟು ಓದಿಸಿ. ಅಲ್ಲೂ ಹೊಂದಿಕೊಂಡರೆ ಮತ್ತೆ ಬರೆಯಬೇಕು. ಸ್ವಾರಸ್ಯಕ್ಕೆ ಮೂರು ದಾರಿ ಹೇಳಿಕೊಡುತ್ತೇನೆ. ಆ ಮಾತಿನಲ್ಲಿರುವ ಒಂದು ಪದ ಯಾಕೆ ವಿಶೇಷ? ಹೇಳಿದವರ ಮನಸ್ಸಿನಲ್ಲಿ ಇದ್ದದ್ದು ಬೇರೆ, ಆಡಿದ್ದು ಬೇರೆ ಆಗಿದೆಯೇ? ಮುಂದೆ ಆಗುವುದಕ್ಕೆ ಈ ಮಾತು ಸೂಚನೆಯಾಗಿದೆಯೇ? "ನಾನು ಹೋಗಲ್ಲಪ್ಪ" ಎಂಬ ಮಾತಿಗೆ ಎರಡನೆಯ ದಾರಿ ಹಿಡಿದರೆ ಸ್ವಾರಸ್ಯ ತಾನಾಗಿ ಬರುತ್ತದೆ: ಬೇಡ ಎನ್ನುವ ಮಾತಿನೊಳಗೆ ಬೇಕು ಎಂಬ ಆಸೆ ಇದೆ, ಅಪ್ಪನ ಮೇಲಿನ ಪ್ರೀತಿ ಅದನ್ನು ಮುಚ್ಚಿದೆ.

ಕಥೆಗೆ ಸರಿ. ಮಾಹಿತಿ ಇರುವ ಗದ್ಯಕ್ಕೆ, ಸಮಾಜ ವಿಜ್ಞಾನಕ್ಕೆ ಹೇಗೆ?

ಹಗೇವಿನ ಬಗ್ಗೆ ಒಂದು ಪ್ಯಾರಾ ಕೊಡಿ. ಬಯಲುಸೀಮೆಯ ಹಳ್ಳಿಗಳಲ್ಲಿ ರಾಗಿ, ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ ಅದು. ಬಹಳ ಮಕ್ಕಳು ನೋಡಿಲ್ಲ, ಆದರೆ ಅಜ್ಜ ಅಜ್ಜಿಯ ಬಾಯಲ್ಲಿ ಕೇಳಿರುತ್ತಾರೆ. ಪ್ಯಾರಾದಲ್ಲಿ ಹೀಗಿರಲಿ: "ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಉರಿಯುವ ದೀಪವನ್ನು ಹಗ್ಗ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯುತ್ತಿದ್ದರು."

ಪ್ರಶ್ನೆ: ಹಗೇವಿನೊಳಗಿನ ಗಾಳಿ ಅಪಾಯಕಾರಿ ಎಂಬುದು ಹಿಂದಿನವರಿಗೆ ಗೊತ್ತಿತ್ತೇ?

"ಗೊತ್ತಿತ್ತು" ಎಂದು ಎಲ್ಲರೂ ಹೇಳುತ್ತಾರೆ. ಆಧಾರ ಕೇಳಿದರೆ ಒಬ್ಬರು "ಒಳಗೆ ಇಂಗಾಲದ ಡೈಆಕ್ಸೈಡ್ ಇರುತ್ತದೆ" ಎನ್ನುತ್ತಾರೆ. ಆ ಮಾತು ನಿಜ. ಮುಚ್ಚಿಟ್ಟ ಕಾಳು ಉಸಿರಾಡುತ್ತದೆ, ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಇಳಿದವರ ಜೀವಕ್ಕೇ ಅಪಾಯ. ಆದರೆ ಪ್ಯಾರಾದಲ್ಲಿ ಅದಿಲ್ಲ, ಹಿಂದಿನವರಿಗೆ ಗೊತ್ತಿತ್ತು ಎಂಬುದನ್ನು ಅದು ತೋರಿಸುವುದೂ ಇಲ್ಲ. ಇಲ್ಲಿ ಆಧಾರ ಎಂದರೆ ದೀಪ ಇಳಿಬಿಟ್ಟದ್ದು, ಆರಿದಾಗ ಕಾದದ್ದು. ವಿಜ್ಞಾನದ ಪಾಠ ಸಮನ್ವಯಕ್ಕೆ ಬರುತ್ತದೆ: ದೀಪ ಉರಿಯಲು ಬೇಕಾದ ಆಮ್ಲಜನಕವೇ ಮನುಷ್ಯರಿಗೂ ಬೇಕು, ದೀಪ ಆರುವ ಕಡೆ ಇಳಿಯಬಾರದು ಎಂದು ಅವರು ಅನುಭವದಿಂದ ಕಂಡುಕೊಂಡಿದ್ದರು. ಆ ಅನಿಲದ ಹೆಸರು ಅವರಿಗೆ ಗೊತ್ತಿತ್ತೇ ಎಂದು ಕೇಳಿದರೆ, ಪ್ಯಾರಾದಿಂದ ಹೇಳಲು ಬರುವುದಿಲ್ಲ ಎಂಬುದೇ ಸರಿ ಉತ್ತರ. "ಇಷ್ಟರಿಂದ ಹೇಳಲಾಗದು" ಎಂದು ಬರೆಯುವ ಧೈರ್ಯವನ್ನೂ ಮಕ್ಕಳಿಗೆ ಕೊಡಬೇಕು, ಅದಕ್ಕೂ ಪೂರ್ಣ ಅಂಕ ಕೊಡಬೇಕು.

ಪದ್ಯಕ್ಕೆ, ಅದರಲ್ಲೂ ಹಳಗನ್ನಡಕ್ಕೆ?

ಮೊದಲು ಪದ ಬಿಡಿಸಿ, ಅನ್ವಯ ಮಾಡಿಸಿ, ಅರ್ಥ ತಲುಪಿಸಿ. ಅರ್ಥವೇ ಆಗದ ಪದ್ಯದಿಂದ ಆಧಾರ ಕೇಳುವುದು ಅನ್ಯಾಯ. ಅರ್ಥವಾದ ಮೇಲೆ ಪ್ರಶ್ನೆ ಚಿಕ್ಕದಾಗಿರಲಿ: "ಕವಿಗೆ ಇವನ ಮೇಲೆ ಕನಿಕರ ಇದೆ ಎನ್ನುತ್ತೀಯಲ್ಲ, ಯಾವ ಪದ ನಿನಗೆ ಹಾಗೆ ಹೇಳಿತು?" ಒಂದು ಪದ ಹಿಡಿದರೆ ಸಾಕು. ಸಾರಾಂಶ ಪೂರ್ತಿ ಬರೆಯುವ ಮಗುವಿಗಿಂತ ಒಂದು ಪದವನ್ನು ಸರಿಯಾಗಿ ಹಿಡಿದ ಮಗು ಪದ್ಯದ ಹತ್ತಿರ ಹೋಗಿದೆ.

ನೋಟ್ಸ್ ಬರೆಸದಿದ್ದರೆ ಫಲಿತಾಂಶ ಇಳಿಯುತ್ತದೆ. ಯಾರು ಹೊಣೆ?

ಈ ಭಯ ಸುಳ್ಳಲ್ಲ. ಹತ್ತನೇ ತರಗತಿಯ ಶಿಕ್ಷಕರ ಮೇಲೆ ಶೇಕಡಾವಾರು ಫಲಿತಾಂಶದ ಒತ್ತಡ ಎಷ್ಟಿದೆ ಎಂದು ಬಲ್ಲವರೇ ಬಲ್ಲರು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 100 ಅಂಕದ ಲಿಖಿತ ಪರೀಕ್ಷೆ, 25 ಅಂಕದ ಆಂತರಿಕ ಮೌಲ್ಯಮಾಪನ. ಪಾಸಾಗುವುದೇ ಕಷ್ಟ ಎನ್ನುವ ಮಗುವಿಗೆ ಕೆಲವು ಉತ್ತರಗಳನ್ನು ಕಲಿಸಿ ದಡ ಸೇರಿಸುವುದನ್ನು ನಾನು ಬೇಡ ಎನ್ನುವುದಿಲ್ಲ.

ಆದರೆ ಇಡೀ ತರಗತಿಗೆ, ಇಡೀ ವರ್ಷ, ಎಲ್ಲ ಪಾಠಕ್ಕೂ ಉತ್ತರ ಹೇಳಿ ಬರೆಸುವುದು ಬೇರೆ ಸಂಗತಿ. ಅದೇ ಪ್ರಶ್ನೆಪತ್ರಿಕೆಯಲ್ಲಿ ಓದಿರದ ಗದ್ಯಭಾಗವೂ ಬರುತ್ತದೆ, ಅದಕ್ಕೆ ಯಾವ ನೋಟ್ಸೂ ಇಲ್ಲ. ಪಿಯುಸಿಗೆ ಹೋದ ಮೇಲೆ ಓದಿ ತಾನೇ ಬರೆಯಬೇಕಾದ ಪುಟಗಳು ಇನ್ನೂ ಹೆಚ್ಚು. ಹೇಳಿ ಬರೆಸಿದ ಉತ್ತರದಲ್ಲಿ ಮಗುವಿನ ಕೈ ಮಾತ್ರ ಕೆಲಸ ಮಾಡುತ್ತದೆ. ಪಾಠ ಓದಿ ತನಗೇ ಏನೋ ಹೊಳೆಯುವ ಸಂತೋಷ ಮಗುವಿನ ಹಕ್ಕು, ಅದನ್ನು ನಾವು ಕಿತ್ತುಕೊಳ್ಳಬಾರದು.

ಮಧ್ಯದ ದಾರಿ ಇದೆ. ಪ್ರತಿ ಪಾಠದಲ್ಲಿ ಒಂದೇ ಒಂದು ಪ್ರಶ್ನೆಯನ್ನು ನೋಟ್ಸಿನಿಂದ ಹೊರಗಿಡಿ. ಅದಕ್ಕೆ ಮಕ್ಕಳೇ ಬರೆಯಲಿ, ಎರಡು ಮೂರು ಉತ್ತರ ಹಲಗೆಯ ಮೇಲೆ ಬರೆಸಿ ಎಲ್ಲರೂ ಸೇರಿ ತಿದ್ದಲಿ. ಎಂಟನೇ ತರಗತಿಯಿಂದ ಇದನ್ನು ಮಾಡುತ್ತ ಬಂದರೆ ಹತ್ತಕ್ಕೆ ಬರುವಾಗ ನೋಟ್ಸಿನ ಹಸಿವು ತಾನಾಗಿ ಕಡಿಮೆಯಾಗಿರುತ್ತದೆ.

ಉತ್ತರ ಎಷ್ಟು ಉದ್ದ ಇರಬೇಕು?

ಎರಡು ಅಂಕಕ್ಕೆ ಒಂದು ಹೇಳಿಕೆ, ಒಂದು ಆಧಾರ. ಮೂರು ನಾಲ್ಕು ಅಂಕಕ್ಕೆ ಸಮನ್ವಯವೂ ಸೇರಲಿ. ಎಂಟು ಹತ್ತು ವಾಕ್ಯದ ಉತ್ತರಕ್ಕೆ ಎರಡು ಅಥವಾ ಮೂರು ಆಧಾರ ಸಾಕು. ಪೀಠಿಕೆಗೆಂದು ಕವಿಪರಿಚಯ ಬರೆದು ಅರ್ಧ ಪುಟ ತುಂಬಿಸುವ ಅಭ್ಯಾಸ ಬಿಡಿಸಿ. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಲು ಸಿಗುವ 15 ನಿಮಿಷದಲ್ಲಿ, ಯಾವ ಪ್ರಶ್ನೆಗೆ ಯಾವ ಆಧಾರ ಎಂದು ಮನಸ್ಸಿನಲ್ಲೇ ಗುರುತಿಸಿಕೊಳ್ಳುವುದನ್ನು ರೂಢಿ ಮಾಡಿಸಿದರೆ ಬರೆಯುವಾಗ ತಡಕಾಡುವುದು ತಪ್ಪುತ್ತದೆ.

ಮಗು ಆಡುಮಾತಿನಲ್ಲಿ ಬರೆಯುತ್ತದೆ. ಮನೆಮಾತೂ ಕನ್ನಡವಲ್ಲ. ಅಂಕ ಕಳೆಯಬೇಕೇ?

"ಅಕಿ ಕಿಟಕಿ ಸೀಟ್ ಹಿಡಿ ಅಂತ ಹೇಳ್ಯಾಳ, ಮತ್ತ ತಲಿ ಸುತ್ತತೈತಿ ಅಂತಾಳ, ಅದು ಖರೇ ಅಲ್ಲ." ಇದು ಪೂರ್ಣ ಉತ್ತರ. ಹೇಳಿಕೆ, ಆಧಾರ, ಸಮನ್ವಯ ಮೂರೂ ಇದರಲ್ಲಿವೆ. ಕಲಿಕೆಯ ಹಂತದಲ್ಲಿ ಇದಕ್ಕೆ ಮೊದಲು ಶಹಬ್ಬಾಸ್ ಹೇಳಿ, ಆಮೇಲೆ ಗ್ರಾಂಥಿಕ ರೂಪಕ್ಕೆ ತಿರುಗಿಸಲು ಜೊತೆಗೆ ಕೂತುಕೊಳ್ಳಿ. ಎರಡನ್ನೂ ಒಟ್ಟಿಗೆ ತಿದ್ದಿದರೆ ಮಗುವಿಗೆ ಕಾಣುವುದು ಕೆಂಪು ಶಾಯಿ ಮಾತ್ರ.

ಮನೆಯಲ್ಲಿ ತುಳು, ಉರ್ದು, ತೆಲುಗು, ಕೊಂಕಣಿ, ಲಂಬಾಣಿ ಆಡುವ ಮಕ್ಕಳಿಗೆ ಕಾರಣ ಜೋಡಿಸುವ ಪದಗಳೇ ಕಷ್ಟ. ಆದ್ದರಿಂದ, ಆದರೂ, ಹೀಗಿರುವಾಗ, ಅಲ್ಲದೆ, ಒಂದು ವೇಳೆ ಎಂಬಂಥ ಪದಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಬರೆಯುವಾಗ ತಲೆ ಎತ್ತಿ ನೋಡಲಿ. ಮೊದಲು ಮನೆಮಾತಿನಲ್ಲೇ ಪಕ್ಕದವರಿಗೆ ಉತ್ತರ ಹೇಳಿ, ಆಮೇಲೆ ಕನ್ನಡದಲ್ಲಿ ಬರೆಯಲು ಬಿಟ್ಟರೆ ಇನ್ನೂ ಒಳ್ಳೆಯದು.

ಇಬ್ಬರು ಬೇರೆ ಬೇರೆ ಉತ್ತರ ಬರೆದಿದ್ದಾರೆ, ಇಬ್ಬರಿಗೂ ಆಧಾರ ಇದೆ. ಯಾರಿಗೆ ಅಂಕ?

ಇಬ್ಬರಿಗೂ. ಗೌರಿ ಮಾಡಿದ್ದು ಸರಿಯೇ ಎಂದು ಕೇಳಿ ನೋಡಿ. "ಸರಿ, ಅಪ್ಪನ ಮನಸ್ಸು ನೋಯಲಿಲ್ಲ" ಎನ್ನುವವರಿದ್ದಾರೆ. "ತಪ್ಪು, ದುಡ್ಡಿನ ಮಾತು ತೆಗೆದದ್ದು ಅಪ್ಪನೇ, ಅಂದರೆ ಕೊಡುವ ಮನಸ್ಸು ಇತ್ತು, ನಿಜ ಹೇಳಿದ್ದರೆ ಏನಾದರೂ ದಾರಿ ಸಿಗುತ್ತಿತ್ತು" ಎನ್ನುವವರೂ ಇದ್ದಾರೆ. ಎರಡನೆಯದಕ್ಕೆ "ಅಪ್ಪನೇ ಕೇಳಿದ" ಎಂಬ ಸಾಲಿನ ಬೆಂಬಲ ಇದೆ. ಆದರೆ "ಗೌರಿಗೆ ಅಪ್ಪನ ಮೇಲೆ ಸಿಟ್ಟು ಬಂದಿತ್ತು" ಎಂದರೆ ಅದಕ್ಕೆ ಯಾವ ಸಾಲೂ ಇಲ್ಲ. ಅಭಿಪ್ರಾಯ ಯಾವುದಾದರೂ ಇರಲಿ ಎಂಬುದು ಎಷ್ಟು ನಿಜವೋ, ಆಧಾರವಿಲ್ಲದ್ದು ನಿಲ್ಲುವುದಿಲ್ಲ ಎಂಬುದೂ ಅಷ್ಟೇ ನಿಜ.

ಓದಲಿಕ್ಕೇ ತಡವರಿಸುವ ಮಕ್ಕಳಿಗೆ ಇದೆಲ್ಲ ಆಗುತ್ತದೆಯೇ?

ಆಗುತ್ತದೆ. ಪಠ್ಯವನ್ನು ನೀವು ಓದಿ ಹೇಳಿ, ಅಥವಾ ಜೊತೆಗಾರ ಓದಲಿ. ತರ್ಕ ಮಾಡುವ ಶಕ್ತಿ ಅಕ್ಷರ ಕೂಡಿಸುವ ವೇಗಕ್ಕಾಗಿ ಕಾಯುತ್ತ ಕೂರುವುದಿಲ್ಲ. ಒಂದು ಚಿತ್ರ ಕೊಟ್ಟು "ಇಲ್ಲಿ ಮಳೆ ಬಂದು ನಿಂತಿದೆಯೋ, ಬರಲಿದೆಯೋ? ಹೇಗೆ ಗೊತ್ತಾಯಿತು?" ಎಂದು ಕೇಳಿದರೂ ಅದೇ ಅಭ್ಯಾಸ. ಓದು ಸುಧಾರಿಸುವ ಕೆಲಸ ಪಕ್ಕದಲ್ಲಿ ನಡೆಯುತ್ತಿರಲಿ, ಅದು ಮುಗಿಯಲಿ ಎಂದು ಇದನ್ನು ನಿಲ್ಲಿಸಬೇಡಿ.

ಮನೆಯಲ್ಲಿ ನಾವೇನು ಮಾಡಬಹುದು?

ಉತ್ತರ ಹೇಳಿಕೊಡಬೇಡಿ, ಗೈಡು ತೆರೆದು ಕೊಡಬೇಡಿ. "ನಿನಗೆ ಹಾಗೆ ಯಾಕೆ ಅನ್ನಿಸಿತು?" ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಪಾಠದ ಬಗ್ಗೆ ಮಾತ್ರವಲ್ಲ, ಪೇಪರಿನಲ್ಲಿ ಬಂದ ಸುದ್ದಿಯ ಬಗ್ಗೆ, ನೋಡಿದ ಕ್ರಿಕೆಟ್ ಪಂದ್ಯದ ಬಗ್ಗೆ ಕೇಳಿದರೂ ಆಯಿತು.

ಒಂದು ತರಗತಿಯಲ್ಲಿ ಐವತ್ತು ಅರವತ್ತು ಮಕ್ಕಳು. ಇಂಥ ಉತ್ತರಗಳನ್ನು ತಿದ್ದುವುದು ಹೇಗೆ?

ಎಲ್ಲವನ್ನೂ ನೀವೇ ತಿದ್ದಬೇಕಿಲ್ಲ. ಮಕ್ಕಳಿಗೆ ಪುಸ್ತಕ ಅದಲು ಬದಲು ಮಾಡಿಸಿ, ಹೇಳಿಕೆಯ ಕೆಳಗೆ ನೇರ ಗೆರೆ, ಆಧಾರದ ಕೆಳಗೆ ಅಲೆಗೆರೆ, ಸಮನ್ವಯದ ಸುತ್ತ ಚೌಕ ಹಾಕಲು ಹೇಳಿ. ಚೌಕ ಎಲ್ಲಿಲ್ಲವೋ ಅದು ಬರೆದವರಿಗೂ ಕಾಣುತ್ತದೆ, ನಿಮಗೂ ಪುಟ ತಿರುಗಿಸುವಾಗಲೇ ಕಾಣುತ್ತದೆ. ದಿನಕ್ಕೆ ಒಂದು ಸಾಲಿನ ಬೆಂಚಿನವರ ಪುಸ್ತಕ ಮಾತ್ರ ನೀವು ತೆಗೆದುಕೊಂಡು, ಒಂದು ಪ್ರಶ್ನೆಯನ್ನು ಮಾತ್ರ ಗಮನವಿಟ್ಟು ಓದಿ. "ಗುಡ್" ಎಂದು ಬರೆಯುವ ಬದಲು ಅಂಚಿನಲ್ಲಿ ಒಂದು ಪ್ರಶ್ನೆ ಬರೆಯಿರಿ: "ಇದು ನಿನಗೆ ಯಾವ ಸಾಲಿನಿಂದ ಗೊತ್ತಾಯಿತು?" ಮಗು ಅದರ ಕೆಳಗೇ ಉತ್ತರ ಬರೆದು ಮಾರನೇ ದಿನ ತಂದು ತೋರಿಸಲಿ.